ಇಂದಿನ ಧಮ್ಮ ಚಿಂತನೆ: ಬಿಲ್ವದ ಹಣ್ಣು ಬಿದ್ದ ಸದ್ದು



ದದ್ದಭ ಜಾತಕದ ಮೊಲ ತಾಳೆಗರಿಯ ಕೆಳಗೆ ಮಲಗಿ, ಭೂಮಿ ಕುಸಿದರೆ ತನ್ನ ಗತಿಯೇನು ಎಂದು ಯೋಚಿಸುತ್ತಿತ್ತು. ಅದೇ ಹೊತ್ತಿಗೆ ಗರಿಯ ಮೇಲೆ ಬಿಲ್ವದ ಹಣ್ಣೊಂದು ಬಿತ್ತು. ಭೂಮಿಯೇ ಕುಸಿಯಿತೆಂದು ಮೊಲ ಓಡಿತು. ಅದರ ಹಿಂದೆ ಇಡೀ ಕಾಡೇ ಓಡಿತು. ಸಿಂಹವಾಗಿ ಹುಟ್ಟಿದ್ದ ಬೋಧಿಸತ್ವ ಮಾತ್ರ ಎಲ್ಲರನ್ನೂ ತಡೆದು, ಕಂಡವರು ಯಾರೆಂದು ವಿಚಾರಿಸಿ, ಸದ್ದಾದ ಜಾಗಕ್ಕೇ ಹೋಗಿ ನೋಡಿದ.

ಮೊಲದ ಮನಸ್ಸೇ ನಮ್ಮದೂ. ಯಾವುದು ಥಟ್ಟನೆ ನೆನಪಾಗುತ್ತದೋ ಅದೇ ಹೆಚ್ಚು ನಡೆಯುತ್ತದೆಂದು ನಂಬಿಬಿಡುತ್ತೇವೆ. 2025ರ ಜೂನ್‌ನಲ್ಲಿ ಅಹಮದಾಬಾದಿನಲ್ಲಿ ವಿಮಾನ ಬಿದ್ದು 260 ಜನ ತೀರಿಕೊಂಡರು. ಆ ದೃಶ್ಯವನ್ನು ಟಿವಿಯಲ್ಲಿ ಮತ್ತೆ ಮತ್ತೆ ನೋಡಿದವರಿಗೆ ವಿಮಾನವೆಂದರೆ ಈಗಲೂ ಎದೆ ನಡುಗುತ್ತದೆ. ಆದರೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದಿನಕ್ಕೆ ಸುಮಾರು 460. ಅವರಲ್ಲಿ ಅತಿ ದೊಡ್ಡ ಪಾಲು ಬೈಕು, ಸ್ಕೂಟರಿನವರದು. ಒಬ್ಬೊಬ್ಬರಾಗಿ, ಸದ್ದಿಲ್ಲದೆ ಹೋದರು.

ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ನಿಂತು ನೋಡುತ್ತೇನೆ: ಒಂದೇ ಬೈಕಿನಿಂದ ಮೂರು ಮಕ್ಕಳು ಇಳಿಯುತ್ತವೆ. ಯಾರ ತಲೆಯ ಮೇಲೂ ಹೆಲ್ಮೆಟ್ ಇಲ್ಲ. ಅಪ್ಪನದು ಕನ್ನಡಿಗೆ ನೇತಾಡುತ್ತಿರುತ್ತದೆ.

ಬುದ್ಧರ ಕೊನೆಯ ಉಪದೇಶ ಅಪ್ಪಮಾದ, ಅಂದರೆ ಎಚ್ಚರ ತಪ್ಪದಿರುವುದು. ಹೆದರಿಕೆ ಸದ್ದು ಕೇಳಿ ಓಡುತ್ತದೆ. ಎಚ್ಚರ ನಿಂತು ನೋಡುತ್ತದೆ, ಎಣಿಸುತ್ತದೆ.

ಇಂದು ಗಾಡಿ ಹತ್ತುವ ಮುನ್ನ ಒಂದು ಉಸಿರು ಗಮನಿಸೋಣ. ಹೆಲ್ಮೆಟ್ ಹಾಕಿಕೊಳ್ಳೋಣ, ಹಿಂದೆ ಕೂತ ಮಗುವಿಗೂ ಹಾಕೋಣ. ಜೀವ ಕಾಯುವ ಮೊದಲ ಶೀಲದ ಪಾಲನೆ ಅಲ್ಲೂ ಇದೆ.

ಸರ್ವರಿಗೂ ಮಂಗಳವಾಗಲಿ. 🪷