ಯಾರಿಗೆ ಹೇಳಿ ಹೊರಡುವುದು?

ಅಡಿಲೇಡಿನಿಂದ ಡಾರ್ವಿನ್‌ಗೆ ಸುಮಾರು 3,000 ಕಿಲೋಮೀಟರ್. ಜುಲೈಯಲ್ಲಿ, ಇಲ್ಲಿನ ಚಳಿಗಾಲದಲ್ಲಿ, ಗೆಳೆಯನ ಕಾರಿಗೆ ಕ್ಯಾರವಾನ್ ಕಟ್ಟಿಕೊಂಡು ಹೋಗುವುದೆಂದು ಗೊತ್ತುಮಾಡಿದ್ದೇವೆ. (ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಬಾಕಿಯಿದೆ, ಅದಿರಲಿ.) ಗ್ಲೆಂಡಾಂಬೊ ದಾಟಿದರೆ ಕೂಬರ್ ಪೀಡಿಯವರೆಗೆ ಸುಮಾರು 250 ಕಿಲೋಮೀಟರ್ ಡೀಸೆಲ್ ಸಿಗದು, ಕ್ಯಾರವಾನ್ ಎಳೆಯುವ ಕಾರು ಕುಡಿಯುವುದೂ ಹೆಚ್ಚು. ಡೀಸೆಲ್, ನೀರು, ಸ್ಪೇರ್ ಟೈರುಗಳ ಲೆಕ್ಕ ಒಂದೇ ಸಂಜೆಯಲ್ಲಿ ಮುಗಿಯಿತು.

ಉಳಿದದ್ದು ಒಂದೇ. ಹೋಗುವ ದಾರಿ, ತಲುಪುವ ದಿನ ಯಾರಿಗಾದರೂ ತಿಳಿಸಿ ಹೊರಡಬೇಕು. "ನಿಮ್ಮಮ್ಮನಿಗೆ ಹೇಳು" ಅಂದ ಗೆಳೆಯ. ಶಿವಮೊಗ್ಗದಲ್ಲಿರುವ ಅಮ್ಮನಿಗೆ ನಾನು ವಿಷಯವನ್ನೇ ಎತ್ತಿಲ್ಲ. ಸುಮ್ಮನೆ ಗಾಬರಿಯಾಗುತ್ತಾಳೆ ಎಂಬುದು ನೆಪ. ಬೇಡ ಅಂದುಬಿಟ್ಟಾಳು ಎಂಬುದು ನಿಜ.

ಜೀವ ನನ್ನದು, ಅಪಾಯವೂ ನನ್ನದೇ ಎಂದು ಸೆಮಿನಾರುಗಳಲ್ಲಿ ವಾದಿಸಿದವನು ನಾನು. ಆದರೆ ಇಲ್ಲಿ ಗಾಡಿ ಕೆಟ್ಟರೆ ಅದನ್ನು ಬಿಟ್ಟು ನಡೆಯಕೂಡದು, ಹುಡುಕಿ ಬರುವವರಿಗಾಗಿ ಅಲ್ಲೇ ಕಾಯಬೇಕು. ಅಂದರೆ ಯಾರೋ ಬರುತ್ತಾರೆಂದು ಮೊದಲೇ ನಂಬಿಯೇ ಹೊರಡುತ್ತೇನೆ. ಅವರ ಬಿಸಿಲು, ಅವರ ದಾರಿ ಯಾರ ಲೆಕ್ಕಕ್ಕೆ? ಹೇಳದೆ ಹೊರಟರೆ ಅಮ್ಮನ ಗಾಬರಿ ತಪ್ಪುವುದಿಲ್ಲ, ತಡವಾಗುತ್ತದೆ ಅಷ್ಟೆ.

ಸದ್ಯಕ್ಕೆ ಲ್ಯಾಬಿನ ಸಹಪಾಠಿಯೊಬ್ಬಳಿಗೆ ಹೇಳಿದ್ದೇನೆ. ಭಾನುವಾರ ಅಮ್ಮನಿಗೆ ಫೋನ್ ಮಾಡಬೇಕು. ಕ್ಯಾರವಾನ್ ಅಂದರೇನು ಎಂಬಲ್ಲಿಂದಲೇ ಶುರುಮಾಡಬೇಕು.