ಆರನೆಯ ಸೂತಕ

ನನಗೆ ಕಾಯಿಲೆ ಇದೆ ಎಂದು ಗೊತ್ತಾದ ದಿನ ನಾನು ಸಂತೋಷಪಟ್ಟೆ. ಇದೆಂಥ ಹುಚ್ಚು ಎನಿಸೀತು. ಮದುವೆಯಾಗಿ ಐದು ವರ್ಷವಾದರೂ ತೊಟ್ಟಿಲು ಕಟ್ಟದ ಮನೆಯ ಸೊಸೆಯಾಗಿ ಇಂಡಿಯಂಥ ಊರಲ್ಲಿ ಬಾಳಿದವರಿಗೆ ಮಾತ್ರ ಇದು ಅರ್ಥವಾದೀತು. "ಏನರ ವಿಶೇಷ ಐತೇನವಾ?" ಎಂದು ಸಂತೆಯಲ್ಲಿ ಮೆಣಸಿನಕಾಯಿ ತೂಗುವವಳೂ ಕೇಳುತ್ತಿದ್ದಳು. ಹರಕೆ ಹೊತ್ತದ್ದಾಯಿತು, ಸೋಮವಾರ ಹಿಡಿದದ್ದಾಯಿತು. ಕೊನೆಗೆ ವಿಜಯಪುರದ ಡಾಕ್ಟರೊಬ್ಬರು ರಕ್ತ ತಪಾಸಣೆ ಬರೆದುಕೊಟ್ಟರು. ಟಿಎಸ್‌ಎಚ್ 11.4 ಎಂದು ರಿಪೋರ್ಟು ಬಂತು. ಇರಬೇಕಾದದ್ದು ಸುಮಾರು 4ರ ಒಳಗೆ. ಬಸ್ಸಿನಲ್ಲಿ ಇಂಡಿಗೆ ಮರಳುವಾಗ ಆ ಕಾಗದವನ್ನು ಎಷ್ಟು ಸಲ ಬಿಚ್ಚಿ ನೋಡಿದೆನೋ! ತಪ್ಪು ನನ್ನದಲ್ಲ, ಥೈರಾಯ್ಡಿನದು.

ಡಾಕ್ಟರು ತಿಳಿಸಿ ಹೇಳಿದ್ದರು. ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಹಾಗೆ ರೆಕ್ಕೆ ಹರಡಿಕೊಂಡಿರುವ ಗ್ರಂಥಿ ಅದು. ಅದಕ್ಕೆ ಕೆಲಸ ಹೇಳುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ. ಅದು ಕಳಿಸುವ ಕರೆಯೇ ಟಿಎಸ್‌ಎಚ್. ಸೊಸೆ ಓಗೊಡದಿದ್ದರೆ ಅತ್ತೆಯ ದನಿ ಏರುವ ಹಾಗೆ, ಥೈರಾಯ್ಡ್ ಮಂದವಾದಷ್ಟೂ ಈ ಅಂಕಿ ಏರುತ್ತದೆ. ಆಗ ಮುಟ್ಟಿನ ಲೆಕ್ಕ ತಪ್ಪಬಹುದು, ಅಂಡ ಸಮಯಕ್ಕೆ ಬಿಡುಗಡೆಯಾಗದಿರಬಹುದು, ಬಸಿರು ನಿಂತರೂ ಇಳಿದುಹೋಗುವ ಭಯ ಹೆಚ್ಚು. ಮದ್ದು ದೊಡ್ಡದೇನಲ್ಲ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಗುಳಿಗೆ, ಆಮೇಲೆ ಅರ್ಧದಿಂದ ಒಂದು ತಾಸು ಚಹಾ ಕೂಡ ಇಲ್ಲ. ಕಬ್ಬಿಣದ, ಕ್ಯಾಲ್ಸಿಯಂ ಗುಳಿಗೆಗಳಿಗೂ ಇದಕ್ಕೂ ನಾಲ್ಕು ತಾಸಿನ ಅಂತರವಿರಬೇಕು. ಗುಳಿಗೆಯ ಪ್ರಮಾಣ ಬದಲಾದಾಗ ಆರರಿಂದ ಎಂಟು ವಾರಕ್ಕೆ ಮತ್ತೆ ರಕ್ತ ತಪಾಸಣೆ. ಗುಳಿಗೆ ತೆಗೆದುಕೊಳ್ಳುತ್ತ ಬಸಿರು ಬಯಸುವವರಿಗೆ ಅಂಕಿ 2.5ರ ಒಳಗೆ ಇಳಿದರೆ ಒಳ್ಳೆಯದು. ಬಸಿರು ನಿಂತ ಕೂಡಲೇ ತಡಮಾಡದೆ ತೋರಿಸಬೇಕು. ಮೊದಲ ತಿಂಗಳುಗಳಲ್ಲಿ ಕೂಸು ತಾಯಿಯ ಥೈರಾಯ್ಡನ್ನೇ ನೆಚ್ಚಿಕೊಂಡಿರುತ್ತದೆ.

ಆ ಅಂಕಿಯಿಂದ ಮನೆಯ ಗಾಳಿಯೇ ಬದಲಾಯಿತು. "ನಮ್ಮ ಸೊಸಿಗೆ ಥೈರಾಯ್ಡ್ ಐತಿ, ಗುಳಿಗಿ ತಗೊಂಡ್ರ ಸರಿಹೋಗ್ತೈತಿ" ಎಂದು ಅತ್ತೆಯವರೇ ಬಂದವರಿಗೆಲ್ಲ ಹೇಳತೊಡಗಿದರು.

ಒಂದು ಮಧ್ಯಾಹ್ನ ಎದುರುಮನೆಯ ಅಕ್ಕನಿಗೂ ಆ ಕಾಗದ ತೋರಿಸಿದೆ. ಆಕೆಯ ಮದುವೆಯಾಗಿ 14 ವರ್ಷ. ವಿಜಯಪುರ, ಸೊಲ್ಲಾಪುರ ಎಲ್ಲ ತಿರುಗಿ ಬಂದವಳು. ಗಂಡನದೂ ತನ್ನದೂ ಎಲ್ಲ ರಿಪೋರ್ಟೂ ಸರಿಯೇ ಇದ್ದವು. ಆಕೆ ನನ್ನ ಕಾಗದವನ್ನು ನೋಡಿ, ಮೆಲ್ಲಗೆ ಮಡಿಚಿ ಕೈಗೆ ಕೊಟ್ಟು ಹೇಳಿದಳು: "ನೀ ಪುಣ್ಯಾ ಮಾಡೀದಿ ತಂಗಿ. ನಿನಗ ಜಡ್ಡರ ಐತಿ."

ಆ ಮಾತಿನಿಂದ ನನ್ನ ಸಂತೋಷ ಅಲ್ಲೇ ಇಳಿಯಿತು. ಕಾಯಿಲೆಯ ಬಲದಿಂದ ನಾನು ನಿರಪರಾಧಿಯಾದರೆ, ಕಾಯಿಲೆ ಇಲ್ಲದ ಆಕೆ ಅಪರಾಧಿಯೇ?

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆ; ಆದರೂ ಊರು ಕೇಳುವುದು ಸೊಸೆಯನ್ನೇ. ಎಲ್ಲ ತಪಾಸಣೆ ಸರಿಯಿದ್ದೂ ಕಾರಣ ಸಿಗದವರು ನೂರಕ್ಕೆ 15ರಿಂದ 30ರಷ್ಟಿರುತ್ತಾರೆ. ಸಿಕ್ಕಿಲ್ಲವೆಂದರೆ ಕಾರಣವೇ ಇಲ್ಲವೆಂದಲ್ಲ. ನನ್ನ ಕಾಯಿಲೆಗೂ ಒಂದು ಕಾಲಕ್ಕೆ ಮದ್ದಿರಲಿಲ್ಲ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ಡಾಕ್ಟರು ಕುರಿಯ ಥೈರಾಯ್ಡಿನ ರಸವನ್ನು 46 ವರ್ಷದ ಹೆಂಗಸೊಬ್ಬಳಿಗೆ ಚುಚ್ಚಿ ಗುಣ ಕಂಡರು. ಆಕೆ ಮುಂದೆ 28 ವರ್ಷ ಬಾಳಿದಳು. ಅದಕ್ಕೂ ಮೊದಲು ಎಷ್ಟು ಹೆಂಗಸರು ಸೋಮಾರಿ, ಮಂಕು, ಬಂಜೆ ಎನಿಸಿಕೊಂಡೇ ಸತ್ತರೋ! ಅವರ ಕೊರಳಲ್ಲೂ ಕಾರಣವಿತ್ತು, ಕಂಡವರಿರಲಿಲ್ಲ. ಕಾರಣ ಬೇರೆ, ತಪ್ಪು ಬೇರೆ. ಕಾರಣ ಮೈಯಲ್ಲಿರುತ್ತದೆ, ತಪ್ಪು ನಾವು ಮಾಡಿದ್ದರಲ್ಲಿ, ಮಾಡದೆ ಬಿಟ್ಟದ್ದರಲ್ಲಿ ಇರುತ್ತದೆ.

ಇಷ್ಟೆಲ್ಲ ತಿಳಿದ ನಾನು ಮಾಡಿದ್ದೇನು? ಎಂಟು ತಿಂಗಳಲ್ಲಿ ಅಂಕಿ 2.1ಕ್ಕೆ ಇಳಿಯಿತು, ಮರುವರ್ಷ ಬಸಿರಾದೆ. ಏಳನೆಯ ತಿಂಗಳಲ್ಲಿ ಕುಬಸ. ಹಸಿರು ಸೀರೆ, ಹಸಿರು ಬಳೆ, ಮನೆ ತುಂಬ ಸೋಬಾನೆ ಹಾಡು. ಉಡಿ ತುಂಬಲು ಅತ್ತೆ ಮಕ್ಕಳಿದ್ದ ಮುತ್ತೈದೆಯರನ್ನೇ ಹೆಸರು ಹಿಡಿದು ಕರೆದರು. ಬೆಳಗಿನಿಂದ ಹೂರಣ ರುಬ್ಬಿದ್ದ ಎದುರುಮನೆಯ ಅಕ್ಕ ತಾನಾಗಿಯೇ ಅಡುಗೆಮನೆಗೆ ಸರಿದಳು. ಸರಿಯುವಾಗ ಒಮ್ಮೆ ನನ್ನ ಕಡೆ ನೋಡಿದಳು. "ಅಕ್ಕಾ, ನೀವೂ ಬರ್ರಿ" ಎಂದಿದ್ದರೆ ಸಾಕಿತ್ತು. ಮಾತು ಕೊರಳಲ್ಲೇ ಉಳಿಯಿತು. ನಾನು ತಲೆ ತಗ್ಗಿಸಿ ಕುಳಿತೆ. ಇದಕ್ಕೆ ಥೈರಾಯ್ಡನ್ನು ದೂರುವಂತಿರಲಿಲ್ಲ.

ಬಸವಣ್ಣನ ಬಾಗೇವಾಡಿ ನಮ್ಮ ಜಿಲ್ಲೆಯಲ್ಲೇ ಇದೆ. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ, ಈ ಐದು ಸೂತಕಗಳನ್ನು ಶರಣರ ದಾರಿ ಒಪ್ಪುವುದಿಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಮಕ್ಕಳಾಗದವಳ ಕೈ ಉಡಿ ಮುಟ್ಟಬಾರದೆಂಬ ಆರನೆಯ ಸೂತಕವನ್ನು ಮಾತ್ರ ಹೆಂಗಸರಾದ ನಾವೇ ಕಾಪಾಡಿಕೊಂಡು ಬಂದಿದ್ದೇವೆ.

ಈ ವರ್ಷ ನನ್ನ ನೆಗೆಣ್ಣಿಯ ಕುಬಸವಾಯಿತು. ಅವಳ ಉಡಿ, ಅವಳ ಒಪ್ಪಿಗೆ ಬೇಕಲ್ಲ ಎಂದು ಹಿಂದಿನ ರಾತ್ರಿಯೇ ಕೇಳಿದೆ. "ಕರೀರಿ ಅಕ್ಕಾ" ಎಂದಳು. ಮರುದಿನ ಅಡುಗೆಮನೆಯಿಂದ ಎದುರುಮನೆಯ ಅಕ್ಕನನ್ನು ಕೈಹಿಡಿದು ಕರೆತಂದೆ. "ಬ್ಯಾಡ ತಂಗಿ, ಬ್ಯಾಡ" ಎಂದು ಆಕೆ ಕೈ ಬಿಡಿಸಿಕೊಳ್ಳಲು ನೋಡಿದಳು. ಹಾಡುತ್ತಿದ್ದವರು ನಿಲ್ಲಿಸಿದರು. ಅತ್ತೆ ನನ್ನನ್ನು ನೋಡಿದರು, ಆಕೆಯನ್ನು ನೋಡಿದರು. ಆಮೇಲೆ ಅಕ್ಕಿ, ಕೊಬ್ಬರಿ ಇದ್ದ ಮರವನ್ನು ಆಕೆಯ ಕಡೆ ಸರಿಸಿ, "ಹೊತ್ತಾಗ್ತೈತಿ, ತುಂಬವಾ" ಎಂದರು. ಅವರ ಮನಸ್ಸೇ ತಿರುಗಿತೋ, ಬಂದವರ ಎದುರು ಮಾತು ಬೆಳೆಸುವುದು ಬೇಡವೆನಿಸಿತೋ, ನಾನು ಕೇಳಲಿಲ್ಲ.

ಉಡಿಗೆ ಅಕ್ಕಿ ಹಾಕುವಾಗ ಅಕ್ಕನ ಕೈ ನಡುಗುತ್ತಿತ್ತು. ನನ್ನ ಕುಬಸದ ದಿನದ ಸಾಲ ಇದರಿಂದ ತೀರಿತೆಂದು ನಾನು ಅಂದುಕೊಂಡಿಲ್ಲ.