ಕಟ್ಟಿದ ಜೀವವೂ ಕಟ್ಟಿದವನ ಹೊಣೆಯೂ

ಶಿವಶರಣರು ಧರ್ಮದ ಬೇರನ್ನು ದಯೆಯಲ್ಲಿ ಕಂಡರೆಂಬುದು ಸದ್ಭಕ್ತರೆಲ್ಲರಿಗೂ ವಿದಿತವಾದ ಸಂಗತಿ. ಬಸವಣ್ಣನವರು ಆ ದಯೆಗೆ ಮನುಷ್ಯಕುಲದ ಎಲ್ಲೆಯನ್ನು ಹಾಕಲಿಲ್ಲ. ಪ್ರಾಣಿಮಾತ್ರಕ್ಕೂ ಅದನ್ನು ವಿಸ್ತರಿಸಿದರು. ಈ ತತ್ತ್ವವನ್ನು ಒಪ್ಪುವುದು ಸುಲಭ. ವೈಶಾಖದ ನಡುಹಗಲಿನಲ್ಲಿ ಅದನ್ನು ನಡೆಯಲ್ಲಿ ತರುವುದು ಅಷ್ಟು ಸುಲಭವಲ್ಲ.

ಕೊಪ್ಪಳ ಸೀಮೆಯಲ್ಲಿ ಬೇಸಗೆಯ ಕಾವು 40 ಡಿಗ್ರಿಯನ್ನು ದಾಟುವುದುಂಟು. ಗಂಗಾವತಿಯ ಕಾಲುವೆಯ ಬದಿಯಾಗಲಿ, ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳ ಬಯಲಾಗಲಿ, ಬಿಸಿಲು ಭೇದವೆಣಿಸದು. ಬೆಳಿಗ್ಗೆ ಬೇವಿನ ನೆರಳಿನಲ್ಲಿ ಕಟ್ಟಿದ ನಾಯಿ ಮಧ್ಯಾಹ್ನಕ್ಕೆ ಉರಿಬಿಸಿಲಿನಲ್ಲಿರುತ್ತದೆ. ನೆರಳು ಸರಿಯಿತು, ಗೂಟ ಸರಿಯಲಿಲ್ಲ. ಬಿಡುವಾಗಿದ್ದ ಪ್ರಾಣಿಯು ತನ್ನ ನೆರಳನ್ನು ತಾನೇ ಅರಸಿಕೊಳ್ಳುತ್ತದೆ. ಹಗ್ಗ ಹಾಕಿದೊಡನೆ ಆ ಸ್ವಾತಂತ್ರ್ಯವನ್ನು ನಾವು ಕಸಿದುಕೊಂಡೆವು. ಆದ್ದರಿಂದ ಅದಕ್ಕೆ ನೆರಳು, ನೀರು ಕೊಡುವುದು ಔದಾರ್ಯವಲ್ಲ, ಋಣಸಂದಾಯ. ಅದು ಅದರ ಪ್ರಾಪ್ತಿಯೆಂದು ಕೆಲವರು ಹೇಳುವುದುಂಟು. ಆದರೆ ಗೂಟವನ್ನು ನೆಟ್ಟದ್ದು ಪ್ರಾಪ್ತಿಯಲ್ಲ, ಮನೆಯ ಯಜಮಾನ.

ಮೂಕಪ್ರಾಣಿಯ ದೇಹಧರ್ಮವನ್ನು ಅರಿಯದ ದಯೆ ಕುರುಡು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಶಕ್ತಿಯಿಲ್ಲ. ನಾಲಗೆ ಚಾಚಿ ಏದುವುದೇ ಅದರ ಮುಖ್ಯ ಉಪಾಯ. ಎಮ್ಮೆಯ ಮೈ ಕಪ್ಪು, ಬೆವರೂ ಅಲ್ಪ. ಅದಕ್ಕೆಂದೇ ಅದು ಕೆಸರು ನೀರನ್ನು ಹುಡುಕುತ್ತದೆ. ಅತಿಯಾಗಿ ಏದುವುದು, ಜೊಲ್ಲು ಸುರಿಸುವುದು, ತೂರಾಡುವುದು, ಇವು ಝಳ ತಗಲಿದುದರ ಕುರುಹು. ಆಗ ನೆರಳಿಗೆ ತಂದು, ಮೈಗೆ ತಣ್ಣೀರೆರೆದು, ಗಾಳಿಯಾಡುವಂತೆ ಮಾಡಿ, ಪಶುವೈದ್ಯರಿಗೆ ತಿಳಿಸಬೇಕು. ಪ್ರಜ್ಞೆ ತಪ್ಪಿದ ಜೀವದ ಬಾಯಿಗೆ ನೀರು ಹೊಯ್ಯಬಾರದು, ಅದು ಶ್ವಾಸಕೋಶಕ್ಕಿಳಿಯಬಹುದು.

ದುಡಿಯುವ ಎತ್ತಿನ ವಿಷಯದಲ್ಲಿ ನಾಡಿನ ಕಾನೂನೂ ಮಾತನಾಡಿದೆ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳನ್ನು ಕುರಿತ 1965ರ ನಿಯಮಗಳ ಪ್ರಕಾರ, ಕಾವು 37 ಡಿಗ್ರಿಯನ್ನು ಮೀರುವ ಕಡೆಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಅವುಗಳನ್ನು ದುಡಿಸಕೂಡದು. ಕಾಯಕವನ್ನು ಪೂಜೆಯೆಂದು ನಂಬಿದವರಿಗೆ ಇದನ್ನು ಕಾನೂನು ಕಲಿಸಬೇಕಾಗಿ ಬಂದುದೇ ಚಿಂತನೀಯ. ಒಡೆಯನ ಕಾಯಕದಲ್ಲಿ ಎತ್ತಿನ ಪಾಲು ದೊಡ್ಡದು. ವಿಶ್ರಾಂತಿಯಲ್ಲಿ ಅದರ ಪಾಲು ಎಲ್ಲಿ?

ಮನುಷ್ಯರಿಗೇ ಕುಡಿಯುವ ನೀರಿಲ್ಲದಾಗ ದನಕ್ಕೆಲ್ಲಿಂದ ತರುವುದು ಎಂಬ ಪ್ರಶ್ನೆ ಸುಳ್ಳಲ್ಲ. ಬರದ ವರ್ಷ ದೂರದಿಂದ ಕೊಡ ಹೊತ್ತು ತರುವ ತಾಯಿಗೆ ಉಪದೇಶ ಮಾಡುವುದು ಸಲ್ಲದು. ಆದರೆ ನೀರು ಕಡಿಮೆಯೆಂದ ಮಾತ್ರಕ್ಕೆ ನೆರಳೂ ಕಡಿಮೆಯಾಗಬೇಕಾಗಿಲ್ಲ. ಗೂಟವನ್ನು ಸರಿಸುವುದಕ್ಕೆ, ತಗಡಿನ ಮೇಲೆ ಸೊಪ್ಪೆ ಹೊದಿಸುವುದಕ್ಕೆ, ಚಕ್ಕಡಿಯನ್ನು ನಸುಕಿನಲ್ಲಿ ಹೂಡುವುದಕ್ಕೆ ಒಂದು ಹನಿ ನೀರೂ ಬೇಡ. ಅಕ್ಕಿ, ಕಾಳು ತೊಳೆದ ನೀರು ಬಾನಿಗೆ ಸೇರಿದರೆ ಅಷ್ಟು ನೀರು ಉಳಿಯಿತು. ಇಲ್ಲದವನಿಂದ ಶರಣರ ಮಾರ್ಗವು ಇಲ್ಲದ್ದನ್ನು ಕೇಳುವುದಿಲ್ಲ. ಇದ್ದುದರಲ್ಲಿ ಹಂಚಿಕೊಂಡೆಯಾ ಎಂದು ಮಾತ್ರ ಕೇಳುತ್ತದೆ.

ಮುಂಜಾನೆ ಅಂಗೈಯ ಲಿಂಗಕ್ಕೆ ಮಜ್ಜನಗೈದ ಕೈ ಹಗ್ಗ ಬಿಗಿದ ಕೈಯೇ ಆಗಿದೆ. ಪೂಜೆ ಮುಗಿಸಿ ಹೊರಬಂದ ಗೃಹಸ್ಥನು ಮಧ್ಯಾಹ್ನ ಒಮ್ಮೆ ಹಿತ್ತಲಿಗೆ ಹೋಗಿ, ನೆರಳು ಎಲ್ಲಿಗೆ ಬಂದಿದೆಯೆಂದು ನೋಡಲಿ.